ಒಂದು ಕೌಂಟಿಯ ಸ್ಮಾರಕಗಳನ್ನು ದಾಖಲಿಸುವುದು ಹೇಗೆ: ಮಿಸಿಸಿಪ್ಪಿಯ ಟ್ಯಾಲಹ್ಯಾಚಿ ಕೌಂಟಿಯನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಟ್ಯಾಲಹ್ಯಾಚಿ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಎರಡು ಆಡಳಿತ ಕೇಂದ್ರಗಳು. ಪೂರ್ವಕ್ಕೆ ಚಾರ್ಲ್‌ಸ್ಟನ್, ಪಶ್ಚಿಮಕ್ಕೆ ಸಮ್ನರ್. ಸಮ್ನರ್‌ನ ಕೋರ್ಟು ಕಟ್ಟಡದ ಅಂಗಳದಲ್ಲಿ ಕಾನ್ಫೆಡರೇಟ್ ಸೈನಿಕರ, ಅಂದರೆ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣ ರಾಜ್ಯಗಳ ಪರ ಕಾದಿದವರ, ಸ್ಮಾರಕವೊಂದನ್ನು 1913ರಲ್ಲಿ ನಿಲ್ಲಿಸಿದರು. ಅದೇ ಅಂಗಳದಲ್ಲಿ 2007ರಲ್ಲಿ ಹಸಿರು ಬಣ್ಣದ ಎರಕದ ಫಲಕವೊಂದು ಬಂತು. 1955ರಲ್ಲಿ ಕೊಲೆಯಾದ ಶಿಕಾಗೋದ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನ ಪ್ರಕರಣ ಇದೇ ಕಟ್ಟಡದಲ್ಲಿ ವಿಚಾರಣೆಗೆ ಬಂದದ್ದನ್ನೂ, ಬಿಳಿಯರೇ ತುಂಬಿದ್ದ ಜ್ಯೂರಿ ಇಬ್ಬರು ಆರೋಪಿಗಳನ್ನು ಖುಲಾಸೆ ಮಾಡಿದ್ದನ್ನೂ ಅದು ಹೇಳುತ್ತದೆ. ಮೊದಲ ಸ್ಮಾರಕ ಅಂತರ್ಯುದ್ಧ ಮುಗಿದ 48 ವರ್ಷಕ್ಕೆ ಬಂತು. ಎರಡನೆಯದು ವಿಚಾರಣೆ ಮುಗಿದ 52 ವರ್ಷಕ್ಕೆ.

ಈ ಲೆಕ್ಕ ಎರಡರಲ್ಲಿ ಯಾವುದರ ಮೇಲೂ ಕೆತ್ತಿಲ್ಲ. ಫಲಕದ ಮೇಲಿನ ಅಕ್ಷರಗಳನ್ನಷ್ಟೇ ನಕಲು ಮಾಡಿಕೊಂಡು ಬಂದರೆ ಕೆಲಸ ಅರ್ಧ ಆದಂತೆ. ಯಾರು ನಿಲ್ಲಿಸಿದರು, ಯಾವಾಗ, ಯಾರ ಹಣದಲ್ಲಿ, ಎಲ್ಲಿ, ಈಗ ಹೇಗಿದೆ, ಯಾವ ಮಾತನ್ನು ಬಿಟ್ಟಿದೆ ಎಂಬುದು ಉಳಿದರ್ಧ. ಅಮೆರಿಕದ ಯಾವುದೇ ಹಳ್ಳಿಗಾಡಿನ ಕೌಂಟಿಯಲ್ಲಿ ಈ ಪೂರ್ತಿ ಕೆಲಸವನ್ನು ಕ್ರಮವಾಗಿ ಮಾಡುವ ಬಗೆ ಇಲ್ಲಿದೆ. ಉದಾಹರಣೆಗಳೆಲ್ಲ ಹೆಚ್ಚುಕಡಿಮೆ ಟ್ಯಾಲಹ್ಯಾಚಿಯವೇ. ಒಂದು ಕೌಂಟಿಗೆ ಎರಡು ವಾರಾಂತ್ಯದ ಓಡಾಟ ಬೇಕು, ಅದರ ಮೂರರಷ್ಟು ಹೊತ್ತು ಮನೆಯಲ್ಲಿ ಕೂತು ದಾಖಲೆ ಓದಬೇಕು.

ಹಂತ 1: ಹೊರಡುವ ಮುನ್ನ ಪಟ್ಟಿ

ಮೊದಲ ಪಟ್ಟಿ ಸಿದ್ಧವಾಗಬೇಕಾದ್ದು ಮನೆಯಲ್ಲೇ. ಎಲ್ಲ ಫಲಕಗಳೂ ಇರುವ ಒಂದೇ ಪಟ್ಟಿ ಯಾವ ಕೌಂಟಿಗೂ ಇಲ್ಲ, ಏಕೆಂದರೆ ಅವನ್ನು ನಿಲ್ಲಿಸಿದವರು ಬೇರೆ ಬೇರೆ. ಆದ್ದರಿಂದ ನಾಲ್ಕೈದು ಕಡೆ ಹುಡುಕಿ ಒಂದು ಹಾಳೆಗೆ ತನ್ನಿ.

ರಾಜ್ಯದ ಫಲಕಗಳಿಗೆ ರಾಜ್ಯದ ಇತಿಹಾಸ ಇಲಾಖೆಯ ಪಟ್ಟಿ ನೋಡಿ. ಮಿಸಿಸಿಪ್ಪಿಯಲ್ಲಿ ಇದು ಪತ್ರಾಗಾರ ಮತ್ತು ಇತಿಹಾಸ ಇಲಾಖೆಯ ಕೆಲಸ. ತಲೆಯ ಮೇಲೆ ಮ್ಯಾಗ್ನೋಲಿಯಾ ಹೂವಿರುವ ಹಸಿರು ಎರಕದ ಫಲಕಗಳು ಅವರವು. ಅದೇ ರಾಜ್ಯದಲ್ಲಿ ಬ್ಲೂಸ್ ಸಂಗೀತದ ಜಾಗಗಳನ್ನು ಗುರುತಿಸುವ ಬ್ಲೂಸ್ ಟ್ರೇಲ್ ಎಂಬ ಇನ್ನೊಂದು ಸಾಲಿದೆ. ಅದರ ಮೊದಲ ಫಲಕ 2006ರ ಡಿಸೆಂಬರ್‌ನಲ್ಲಿ ಹಾಲಿ ರಿಡ್ಜ್ ಎಂಬಲ್ಲಿ ಬ್ಲೂಸ್ ಗಾಯಕ ಚಾರ್ಲಿ ಪ್ಯಾಟನ್ ಹೆಸರಿನಲ್ಲಿ ಬಂತು. 2011ರಿಂದ ನಾಗರಿಕ ಹಕ್ಕುಗಳ ಹೋರಾಟದ ಫ್ರೀಡಂ ಟ್ರೇಲ್ ಸಾಲೂ ಇದೆ. ಈ ಎರಡು ಸಾಲುಗಳ ಪಟ್ಟಿಗಳು ಬೇರೆ ಬೇರೆ. ಕಟ್ಟಡಗಳಿಗೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ನ್ಯಾಷನಲ್ ರಿಜಿಸ್ಟರ್ ಎಂಬ ಚಾರಿತ್ರಿಕ ಸ್ಥಳಗಳ ಪಟ್ಟಿ ನೋಡಿ. ದೇಶದಾದ್ಯಂತ ಆಸಕ್ತರೇ ತುಂಬುವ ಹಿಸ್ಟಾರಿಕಲ್ ಮಾರ್ಕರ್ ಡೇಟಾಬೇಸ್ 2006ರಲ್ಲಿ ಶುರುವಾದದ್ದು. ಅಲ್ಲಿ ಕೌಂಟಿಯ ಹೆಸರು ಕೊಟ್ಟರೆ ಪಟ್ಟಿ, ನಕ್ಷೆ ಎರಡೂ ಸಿಗುತ್ತವೆ. ಸಮಾಧಿಕಲ್ಲುಗಳು ಅಲ್ಲಿರುವುದಿಲ್ಲ, ಅವಕ್ಕೆ ಫೈಂಡ್ ಎ ಗ್ರೇವ್ ಎಂಬ ಜಾಲತಾಣ.

ಬಹಳ ಮಂದಿ ಮರೆಯುವುದು ರಸ್ತೆಗಳ ಹೆಸರು. ಗ್ರೀನ್‌ವುಡ್‌ನಿಂದ ಟಟ್‌ವೈಲರ್‌ಗೆ ಹೋಗುವ 49ಇ ಹೆದ್ದಾರಿಯ ಭಾಗಕ್ಕೆ 2005ರಲ್ಲಿ ಎಮೆಟ್ ಟಿಲ್ ಸ್ಮಾರಕ ಹೆದ್ದಾರಿ ಎಂದು ಹೆಸರಿಟ್ಟರು. ಆ ಹೆಸರಿನ ಬೋರ್ಡು ಕೂಡ ಸ್ಮಾರಕವೇ, ಆದರೆ ಫಲಕಗಳ ಪಟ್ಟಿಯಲ್ಲಿ ಅದು ಸಿಗುವುದಿಲ್ಲ. ಸೇತುವೆ, ಶಾಲೆ, ಉದ್ಯಾನಗಳ ಹೆಸರನ್ನೂ ಸೇರಿಸಿ.

ಹಾಳೆಯಲ್ಲಿ ಈ ಅಂಕಣಗಳಿರಲಿ: ನಿಮ್ಮದೇ ಕ್ರಮಸಂಖ್ಯೆ, ಹೆಸರು, ಬಗೆ, ನಿಲ್ಲಿಸಿದವರು, ನಿಲ್ಲಿಸಿದ ವರ್ಷ, ಅದು ಹೇಳುವ ಘಟನೆಯ ವರ್ಷ, ಅಕ್ಷಾಂಶ, ರೇಖಾಂಶ, ಮುಖ ಯಾವ ದಿಕ್ಕಿಗೆ, ವಸ್ತು, ಅಳತೆ, ಸ್ಥಿತಿ, ನೋಡಿದ ದಿನ. ಘಟನೆಯ ವರ್ಷಕ್ಕೂ ನಿಲ್ಲಿಸಿದ ವರ್ಷಕ್ಕೂ ಎರಡು ಬೇರೆ ಅಂಕಣ ಇರಲೇಬೇಕು. ಒಂದೇ ಅಂಕಣದಲ್ಲಿ ಬೆರೆಸಿದರೆ, ಮೇಲೆ ಹೇಳಿದ 48 ಮತ್ತು 52ರ ಲೆಕ್ಕ ಎಂದೂ ಕಣ್ಣಿಗೆ ಬೀಳುವುದಿಲ್ಲ.

ಇದರ ಜೊತೆಗೆ ಎರಡನೆಯ ಪಟ್ಟಿಯೊಂದನ್ನು ಮಾಡಿ: ಈ ಕೌಂಟಿಯಲ್ಲಿ ನಡೆದಿದ್ದೂ ಗುರುತಿಲ್ಲದ ಸಂಗತಿಗಳು. ಓದುತ್ತ ಹೋದಂತೆ ಅದು ತುಂಬುತ್ತದೆ. ಆ ಪಟ್ಟಿಯಿಲ್ಲದ ಸಮೀಕ್ಷೆ, ನಿಲ್ಲಿಸಿದವರ ಆಯ್ಕೆಯನ್ನೇ ಇನ್ನೊಮ್ಮೆ ಬರೆದಂತಾಗುತ್ತದೆ.

ಹಂತ 2: ಕಾಲ ಮತ್ತು ಸಾಮಾನು

ಟ್ಯಾಲಹ್ಯಾಚಿ ಇರುವ ಮಿಸಿಸಿಪ್ಪಿ ಡೆಲ್ಟಾ ಪ್ರದೇಶಕ್ಕೆ ಜನವರಿ, ಫೆಬ್ರವರಿ ಒಳ್ಳೆಯದು. ಬಳ್ಳಿ ಒಣಗಿರುತ್ತದೆ, ಹಾವಿನ ಕಾಟ ಕಡಿಮೆ, ಸೂರ್ಯ ತಗ್ಗಿನಲ್ಲಿರುವುದರಿಂದ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಉಣ್ಣೆಹುಳ, ಬೆಂಕಿಯಿರುವೆ, ಮುಟ್ಟಿದರೆ ಮೈ ತುರಿಸುವ ಪಾಯ್ಸನ್ ಐವಿ ಮೂರೂ ಇರುತ್ತವೆ. ಹತ್ತಿ ಬಿಡಿಸುವ ಕಾಲದಲ್ಲಿ, ಅಂದರೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಕಿರಿದಾದ ರಸ್ತೆಗಳಲ್ಲಿ ಭಾರಿ ಯಂತ್ರಗಳು ಓಡಾಡುತ್ತವೆ.

ಅಲ್ಲಿನ ಮಣ್ಣು ನಮ್ಮ ಗದಗ, ರಾಯಚೂರಿನ ಎರೆಮಣ್ಣಿನ ಜಾತಿಯದು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಳೆ ಬಿದ್ದ ಮರುದಿನ ಕಾರನ್ನು ಹೊಲದಂಚಿಗೆ ಇಳಿಸಿದರೆ ಹೂತುಹೋಗುವುದು ಖಂಡಿತ. ಫಲಕದ ಕಂಬಗಳು ವಾಲುವುದಕ್ಕೂ ಇದೇ ಮಣ್ಣು ಕಾರಣ. ವಾಲಿದ ಕಂಬ ಕಂಡ ಕೂಡಲೇ ಯಾರೋ ಗುದ್ದಿದ್ದಾರೆ ಎಂದು ಬರೆಯಬೇಡಿ. ಲೋಹ ಬಾಗಿದೆಯೇ ಅಥವಾ ಬುಡ ಮಾತ್ರ ಸರಿದಿದೆಯೇ ಎಂದು ನೋಡಿ.

ಜೊತೆಗೆ ಒಯ್ಯಬೇಕಾದ್ದು: 25 ಅಡಿಯ ಟೇಪು, ದಿಕ್ಸೂಚಿ, ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ, ಒಂದಡಿ ಅಗಲ ಮತ್ತು ನಾಲ್ಕಡಿ ಉದ್ದದ ಅಕ್ರಿಲಿಕ್ ಕನ್ನಡಿ, ಅಳತೆಪಟ್ಟಿ ಅಚ್ಚಾದ ಕಾರ್ಡು, ಮೆತ್ತನೆಯ ಬಣ್ಣದ ಬ್ರಷ್, ನೀರು, ಪ್ರತಿಫಲಿಸುವ ಜಾಕೆಟ್, ಪೆನ್ಸಿಲ್ ಮತ್ತು ಕಾಗದ. ಹೊಲಗಳ ನಡುವೆ ಮೊಬೈಲ್ ಸಿಗ್ನಲ್ ಹೋಗಿಬಿಡುತ್ತದೆ, ಹಾಗಾಗಿ ಕೌಂಟಿಯ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ಹೆದ್ದಾರಿಯ ಅಂಚು ಸಾರ್ವಜನಿಕ ಜಾಗ. ಬೇಲಿಯಾಚೆಯ ಹೊಲ ಮತ್ತು ಅದರೊಳಗಿನ ಹಳೆಯ ಸ್ಮಶಾನ ಖಾಸಗಿಯಾಗಿರಬಹುದು. ಹತ್ತಿರದ ಮನೆಯ ಬಾಗಿಲು ತಟ್ಟಿ, ಹೆಸರು ಹೇಳಿ, ಕೆಲಸ ವಿವರಿಸಿ, ಅನುಮತಿ ಕೇಳಿ. ಕೊಲೆಯಾದ ಮಗುವಿನ ನೆನಪಿನ ಜಾಗಗಳಿರುವ ಊರು ಇದು. ಅಲ್ಲಿನವರಿಗೆ ಆ ನೆನಪು ಮನೆಯೊಳಗಿನದು. ಮೊದಲ ಮಾತು ಕ್ಯಾಮೆರಾ ತೆಗೆಯುವ ಮುನ್ನ ಆಗಲಿ.

ಹಂತ 3: ಫಲಕದ ಮುಂದೆ ಇಪ್ಪತ್ತು ನಿಮಿಷ

ಪ್ರತಿ ಫಲಕಕ್ಕೂ ಒಂದೇ ಕ್ರಮ ಇಟ್ಟುಕೊಳ್ಳಿ. ಕ್ರಮ ತಪ್ಪಿದರೆ ಮನೆಗೆ ಬಂದ ಮೇಲೆ ಹಿಂಬದಿಯ ಚಿತ್ರ ಇಲ್ಲದ್ದು ಗೊತ್ತಾಗುತ್ತದೆ, ಮತ್ತೆ ನೂರಾರು ಮೈಲಿ ಹೋಗಬೇಕಾಗುತ್ತದೆ.

ಮೊದಲು ದೂರದಿಂದ, ರಸ್ತೆ, ಕಟ್ಟಡ, ಮರ ಎಲ್ಲ ಸೇರಿದಂತೆ ಒಂದು ಚಿತ್ರ. ಫಲಕ ಕಳುವಾದರೆ ಅದು ನಿಂತಿದ್ದ ಜಾಗವನ್ನು ಇದರಿಂದಲೇ ಗುರುತಿಸಬೇಕು. ಆಮೇಲೆ ನೇರ ಎದುರಿನಿಂದ, ಕ್ಯಾಮೆರಾವನ್ನು ಫಲಕದ ನಡುಮಟ್ಟಕ್ಕೆ ಹಿಡಿದು. ಫಲಕ ಎತ್ತರದಲ್ಲಿದ್ದರೆ ಹಿಂದಕ್ಕೆ ಸರಿದು ಜೂಮ್ ಮಾಡಿ. ಹತ್ತಿರದಿಂದ ಮೇಲೆ ನೋಡಿ ತೆಗೆದರೆ ಮೇಲಿನ ಸಾಲುಗಳು ಕಿರಿದಾಗುತ್ತವೆ. ಮೂರನೆಯದು ಹಿಂಬದಿ. ಬ್ಲೂಸ್ ಟ್ರೇಲ್ ಮತ್ತು ಫ್ರೀಡಂ ಟ್ರೇಲ್ ಫಲಕಗಳಲ್ಲಿ ಮುಂಬದಿ ಎರಕ, ಹಿಂಬದಿ ಚಿತ್ರಗಳಿರುವ ಅಚ್ಚಿನ ಹಾಳೆ. ಹೆಚ್ಚಿನ ವಿವರ ಅಲ್ಲೇ. ನಾಲ್ಕನೆಯದು ಕೆಳತುದಿಯ ಸಣ್ಣ ಅಕ್ಷರ, ಅಂದರೆ ನಿಲ್ಲಿಸಿದವರ ಹೆಸರು ಮತ್ತು ವರ್ಷ. ಐದನೆಯದು ಕಂಬದ ಬುಡ ಮತ್ತು ಎರಕದ ಕಾರ್ಖಾನೆಯ ಗುರುತು. ಓಹಾಯೋದ ಮೆರಿಯೆಟಾ ಊರಿನ ಸೀವಾ ಸ್ಟುಡಿಯೋಸ್ 1927ರಿಂದ ಅನೇಕ ರಾಜ್ಯಗಳಿಗೆ ಅಲ್ಯೂಮಿನಿಯಂ ಫಲಕ ಎರೆದುಕೊಟ್ಟಿದೆ. ಸ್ಥಾಪಕರ ಹೆಸರು ಹಾಸ್. ಅದರ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಓದಿದರೆ ಸೀವಾ. ಈ ಹೆಸರು ಕಂಡರೆ ದುರಸ್ತಿಗೆ ಯಾರನ್ನು ಕೇಳಬೇಕು ಎಂಬುದೂ ತಿಳಿದಂತೆ.

ಸ್ಥಳಸೂಚಿಯನ್ನು, ಅಂದರೆ ಅಕ್ಷಾಂಶ ರೇಖಾಂಶಗಳನ್ನು, ದಶಮಾಂಶ ಡಿಗ್ರಿಯಲ್ಲಿ, ಐದು ಸ್ಥಾನದವರೆಗೆ ಬರೆಯಿರಿ. ಐದನೆಯ ಸ್ಥಾನ ಅಂದರೆ ಸುಮಾರು ಒಂದು ಮೀಟರು. ಫೋನಿನ ನಿಖರತೆ ಅದಕ್ಕಿಂತ ಒರಟು, ಆರನೆಯ ಸ್ಥಾನಕ್ಕೆ ಅರ್ಥವಿಲ್ಲ. ಫಲಕದ ಪಕ್ಕ ಒಂದು ನಿಮಿಷ ಅಲುಗದೆ ನಿಂತು ಆಮೇಲೆ ಓದಿ. ಅಮೆರಿಕದ ರೇಖಾಂಶಕ್ಕೆ ಋಣ ಚಿಹ್ನೆ ಬೇಕು. ಭಾರತದ ಸಂಖ್ಯೆಗಳಿಗೆ ಹೊಂದಿಕೊಂಡ ಕೈ ಅದನ್ನು ಬಿಟ್ಟುಬಿಡುತ್ತದೆ, ಆಗ ಸಮ್ನರ್ ಊರು ನಕ್ಷೆಯಲ್ಲಿ ಟಿಬೆಟ್ ಪ್ರಸ್ಥಭೂಮಿಯ ಮೇಲೆ ಕೂತಿರುತ್ತದೆ. ದಿನದ ಕೊನೆಗೆ ಎಲ್ಲ ಬಿಂದುಗಳನ್ನೂ ಒಮ್ಮೆ ನಕ್ಷೆಯ ಮೇಲೆ ಹಾಕಿ ನೋಡಿ.

ಫಲಕದ ಮೇಲಿನ ಪಾಠವನ್ನು ಅಲ್ಲೇ, ಸಾಲಿಗೆ ಸಾಲು, ಇದ್ದಂತೆ ಬರೆದುಕೊಳ್ಳಿ. ಸಾಲು ಮುರಿಯುವಲ್ಲಿ ಓರೆಗೆರೆ. ಕಾಗುಣಿತ ತಪ್ಪಿದ್ದರೆ ತಪ್ಪೇ ಇರಲಿ. ಓದಲಾಗದ ಅಕ್ಷರಕ್ಕೆ ಚೌಕ ಆವರಣದೊಳಗೆ ಚುಕ್ಕಿ, ಊಹಿಸಿದ್ದಕ್ಕೆ ಪ್ರಶ್ನಾರ್ಥಕ. ಶಾಸನ ಓದುವವರ ಶಿಸ್ತು ಇದೇ, ಇಲ್ಲಿಗೂ ಅದು ಸಲ್ಲುತ್ತದೆ. ಚಿತ್ರದಿಂದ ಅಕ್ಷರ ಹೆಕ್ಕುವ ಫೋನಿನ ತಂತ್ರಾಂಶ ಹೊಳೆಯುವ ಲೋಹದ ಮೇಲೆ 3, 8, 5 ಅಂಕಿಗಳನ್ನು ಗೊಂದಲ ಮಾಡಿಕೊಳ್ಳುತ್ತದೆ. ಇಸವಿಗಳನ್ನಾದರೂ ಕಣ್ಣಿಂದಲೇ ನೋಡಿ ತಾಳೆ ಮಾಡಿ.

ವಸ್ತು ಗುರುತಿಸಲು ಅಯಸ್ಕಾಂತ ಸಾಕು. ಅಂಟಿದರೆ ಕಬ್ಬಿಣ ಅಥವಾ ಉಕ್ಕು. ಅಂಟದಿದ್ದರೆ ಅಲ್ಯೂಮಿನಿಯಂ, ಕಂಚು ಅಥವಾ ಸತು. ನೀಲಿಛಾಯೆಯ ಬೂದು ಬಣ್ಣ, ಮೆಲ್ಲಗೆ ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು, ನೂರು ವರ್ಷ ಕಳೆದರೂ ಚೂಪಾಗಿರುವ ಅಕ್ಷರ: ಇವು ಕಂಡರೆ ಅದು ಬಿಳಿ ಕಂಚು ಎಂಬ ಹೆಸರಲ್ಲಿ ಮಾರಿದ ಸತುವಿನ ಸ್ಮಾರಕ. ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್‌ನಲ್ಲಿದ್ದ ಮಾನ್ಯುಮೆಂಟಲ್ ಬ್ರಾಂಝ್ ಕಂಪನಿ ಇಂಥವನ್ನು 19ನೇ ಶತಮಾನದ ಕೊನೆಯಲ್ಲಿ ದೇಶದ ತುಂಬ ಕಳಿಸಿತ್ತು. ಅದರ ಬುಡದ ಬೆಸುಗೆ ಬಿಟ್ಟಿದ್ದರೆ ಒಳಗೆ ಕಾಂಕ್ರೀಟು ತುಂಬಬೇಕೆಂದು ಯಾರಾದರೂ ಹೇಳಬಹುದು. ಕಾಂಕ್ರೀಟು ತೇವ ಹಿಡಿದಿಟ್ಟು, ತೂಕ ಹಾಕಿ, ಸ್ಮಾರಕವನ್ನು ಒಳಗಿನಿಂದಲೇ ಸೀಳುತ್ತದೆ.

ಯೋಧರ ಸಮಾಧಿಕಲ್ಲು ನೋಡಿದರೆ ಅಳತೆಯಿಂದಲೇ ಗುರುತಿಸಬಹುದು. ಕೇಂದ್ರ ಸರ್ಕಾರ ಕೊಡುವ ನೆಟ್ಟನೆಯ ಅಮೃತಶಿಲೆ 42 ಇಂಚು ಉದ್ದ, 13 ಇಂಚು ಅಗಲ, 4 ಇಂಚು ದಪ್ಪ, ತೂಕ ಸುಮಾರು 230 ಪೌಂಡು. ಉದ್ದದ ಒಂದು ಭಾಗ ನೆಲದೊಳಗಿರುತ್ತದೆ. ಕಾನ್ಫೆಡರೇಟ್ ಸೈನಿಕರ ಕಲ್ಲಿನ ತಲೆ ಮೊನಚು. ಯೂನಿಯನ್, ಅಂದರೆ ಉತ್ತರದ ಕೇಂದ್ರ ಸರ್ಕಾರದ ಕಡೆಯವರದು ದುಂಡು.

ಹಂತ 4: ಸವೆದ ಅಕ್ಷರ ಓದುವುದು

ಬೆಳಕು ಓರೆಯಾಗಿ ಬಿದ್ದರೆ ಸವೆದ ಕೆತ್ತನೆಯೂ ಓದಬರುತ್ತದೆ. ಕಲ್ಲಿನ ಮುಖ ನೆರಳಲ್ಲಿದ್ದರೆ ಒಬ್ಬರು ಬಿಸಿಲಲ್ಲಿ ಕನ್ನಡಿ ಹಿಡಿದು ಬೆಳಕನ್ನು ಮುಖದ ಉದ್ದಕ್ಕೂ ಸವರುವಂತೆ ಹಾಯಿಸಬೇಕು, ಇನ್ನೊಬ್ಬರು ಚಿತ್ರ ತೆಗೆಯಬೇಕು. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ. ಅಡ್ಡಗೆರೆಗಳು ಮೇಲಿನ ಬೆಳಕಿಗೆ ಕಾಣುತ್ತವೆ, ಉದ್ದಗೆರೆಗಳು ಪಕ್ಕದ ಬೆಳಕಿಗೆ. ಬರಿಯ ನೀರು ಚಿಮುಕಿಸಿದರೂ ಗ್ರಾನೈಟಿನ ಅಕ್ಷರ ಒಂದೆರಡು ನಿಮಿಷ ಎದ್ದು ಕಾಣುತ್ತದೆ.

ಸೀಮೆಸುಣ್ಣ, ಹಿಟ್ಟು, ಶೇವಿಂಗ್ ಕ್ರೀಮು ಯಾವುದನ್ನೂ ಹಚ್ಚಬೇಡಿ. ಹಿಟ್ಟು ಕಲ್ಲಿನ ರಂಧ್ರದಲ್ಲಿ ಕೂತು ಬೂಷ್ಟು ಬೆಳೆಸುತ್ತದೆ. ಕ್ರೀಮಿನಲ್ಲಿರುವ ಆಮ್ಲಗಳು ಅಮೃತಶಿಲೆಯನ್ನು ತಿನ್ನುತ್ತವೆ. ಕಾಗದ ಹಾಸಿ ಮೇಣ ಉಜ್ಜಿ ಪಡಿಯಚ್ಚು ತೆಗೆಯುವುದೂ ಬೇಡ. ಗಟ್ಟಿ ಬಂಡೆಯ ಶಾಸನ ತಾಳಿಕೊಳ್ಳುವ ಒತ್ತಡಕ್ಕೆ ಮುಟ್ಟಿದರೆ ಸಕ್ಕರೆಯಂತೆ ಉದುರುವ ಅಮೃತಶಿಲೆ ಮುರಿಯುತ್ತದೆ. ಕೆಲವು ಕಡೆ ಇದು ಕಾನೂನಿನ ಪ್ರಕಾರವೂ ನಿಷಿದ್ಧ.

ಹಂತ 5: ಫಲಕ ಹೇಳಿದ್ದು ನಿಜವೇ?

ಸಮೀಕ್ಷೆಯ ತಿರುಳು ಇದು. ಹೆಚ್ಚು ಹೊತ್ತು ಇಲ್ಲೇ ಕಳೆಯಬೇಕು. ಎರಕ ಹೊಯ್ದ ಮಾತಿಗೆ ಜನ ಪ್ರಶ್ನೆ ಹಾಕುವುದಿಲ್ಲ. ಪ್ರತಿ ಫಲಕದಿಂದ ಪರೀಕ್ಷಿಸಬಹುದಾದ ವಾಕ್ಯಗಳನ್ನು ಬೇರೆ ಮಾಡಿ. ಹೆಸರು, ದಿನ, ಜಾಗ, ಸಂಖ್ಯೆ ಒಂದೊಂದಕ್ಕೂ ಒಂದು ಸಾಲು. ಪಕ್ಕದಲ್ಲಿ ಅದಕ್ಕೆ ಆಧಾರ ಏನು, ಆ ಆಧಾರ ಘಟನೆಗೆ ಎಷ್ಟು ಹತ್ತಿರದ್ದು ಎಂದು ಬರೆಯಿರಿ.

ಸುಲಭದ ಉದಾಹರಣೆ ಟಟ್‌ವೈಲರ್‌ನಲ್ಲಿದೆ. ಊರ ಹೊರಗಿನ ಹಳೆಯ ಸ್ಮಶಾನದಲ್ಲಿ ಹಾರ್ಮೋನಿಕಾ ವಾದಕ ಎರಡನೆಯ ಸನ್ನಿ ಬಾಯ್ ವಿಲಿಯಮ್ಸನ್ ಅವರ ಸಮಾಧಿ. ಅವರ ಹಾಡು ಮುದ್ರಿಸಿದ್ದ ಟ್ರಂಪೆಟ್ ರೆಕಾರ್ಡ್ಸ್‌ನ ಲಿಲಿಯನ್ ಮೆಕ್‌ಮರ್ರಿ ಆ ಕಲ್ಲು ಹಾಕಿಸಿದರು. ಕಲ್ಲಿನ ಮೇಲೆ ಸಾವಿನ ದಿನ 1965ರ ಜೂನ್ 23. ಅವರು ತೀರಿಕೊಂಡದ್ದು ಆ ವರ್ಷದ ಮೇ 25ರಂದು. ಹುಟ್ಟಿದ ವರ್ಷದ ಬಗ್ಗೆಯಂತೂ ಸಂಶೋಧಕರಲ್ಲಿ ಒಮ್ಮತವಿಲ್ಲ. ಇಂಥಲ್ಲಿ ಪಾಠದ ಅಂಕಣದಲ್ಲಿ ಜೂನ್ 23 ಎಂದೇ ಇರಬೇಕು, ಟಿಪ್ಪಣಿಯಲ್ಲಿ ಮೇ 25 ಮತ್ತು ಅದರ ಆಧಾರ. ಅಭಿಮಾನಿಗಳು ಕಲ್ಲಿನ ಮೇಲೆ ಹಾರ್ಮೋನಿಕಾಗಳನ್ನು ಇಟ್ಟುಹೋಗುತ್ತಾರೆ. ಚಿತ್ರ ಚೆನ್ನಾಗಿ ಬರಲಿ ಎಂದು ಅವನ್ನು ಸರಿಸಬೇಡಿ, ಇದ್ದಂತೆಯೇ ತೆಗೆಯಿರಿ.

ಅದೇ ಊರು ಇನ್ನೊಂದು ಬಗೆಯ ಪಾಠ ಕಲಿಸುತ್ತದೆ. 1903ರ ಸುಮಾರಿಗೆ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಒಬ್ಬ ವ್ಯಕ್ತಿ ಗಿಟಾರಿನ ತಂತಿಗೆ ಚಾಕು ಒತ್ತಿ ನುಡಿಸುತ್ತಿದ್ದದ್ದನ್ನು ಸಂಗೀತಗಾರ ಡಬ್ಲ್ಯೂ. ಸಿ. ಹ್ಯಾಂಡಿ ಕೇಳಿದರೆಂಬುದು ಬ್ಲೂಸ್ ಚರಿತ್ರೆಯ ಪ್ರಸಿದ್ಧ ಪ್ರಸಂಗ. ಇದಕ್ಕಿರುವ ಆಧಾರ 1941ರಲ್ಲಿ ಬಂದ ಹ್ಯಾಂಡಿಯವರ ಆತ್ಮಕಥೆ, ಅಂದರೆ ಸುಮಾರು 38 ವರ್ಷ ಹಿಂದಿನ ನೆನಪು. ಹಾಗೆಂದು ಅದು ಸುಳ್ಳಲ್ಲ. ಆದರೆ ದಾಖಲೆಯಲ್ಲಿ ‘ಹ್ಯಾಂಡಿಯವರ ಪ್ರಕಾರ’ ಎಂಬ ಎರಡು ಪದ ಸೇರಬೇಕು.

ಮೂರನೆಯ ಬಗೆ ಎಲ್ಲಕ್ಕಿಂತ ಕಷ್ಟದ್ದು: ಫಲಕದ ಪ್ರತಿ ವಾಕ್ಯವೂ ಸರಿಯಿದ್ದು ಚಿತ್ರ ಅಪೂರ್ಣವಾಗಿರುವುದು. ಸಮ್ನರ್‌ನ ಫಲಕ, ಆರೋಪಿಗಳಾದ ರಾಯ್ ಬ್ರಯಂಟ್ ಮತ್ತು ಜೆ. ಡಬ್ಲ್ಯೂ. ಮೈಲಮ್ ಇಬ್ಬರೂ ಖುಲಾಸೆಯಾದ ಮೇಲೆ ಪತ್ರಿಕೆಯೊಂದರ ಸಂದರ್ಶನದಲ್ಲಿ ಕೊಲೆಯನ್ನು ಒಪ್ಪಿಕೊಂಡರೆಂದು ಹೇಳುತ್ತದೆ. ಅದು ನಿಜ. 1956ರ ಜನವರಿಯಲ್ಲಿ ಲುಕ್ ಪತ್ರಿಕೆ ಅದನ್ನು ಹಣ ಕೊಟ್ಟು ಪಡೆದು ಪ್ರಕಟಿಸಿತು. ಒಮ್ಮೆ ಖುಲಾಸೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಿಸುವಂತಿಲ್ಲ. ಆ ಇಬ್ಬರಿಗೆ ಮಾತಾಡುವುದರಿಂದ ಅಪಾಯವಿರಲಿಲ್ಲ. ಆದರೆ ವಿಚಾರಣೆಗೇ ಬಾರದ ಉಳಿದವರಿಗಿತ್ತು. ಹಾಗಾಗಿ ಪತ್ರಿಕೆಯ ಕಥೆಯಲ್ಲಿ ಕೊಲೆಗಾರರು ಇಬ್ಬರೇ ಆದರು, ಕೊಲೆಯ ಜಾಗವೂ ಬದಲಾಯಿತು. ವಿಚಾರಣೆಯಲ್ಲಿ ಸಾಕ್ಷಿ ಹೇಳಿದ 18 ವರ್ಷದ ವಿಲ್ಲೀ ರೀಡ್, ಪಕ್ಕದ ಸನ್‌ಫ್ಲವರ್ ಕೌಂಟಿಯ ಕೊಟ್ಟಿಗೆಯೊಂದರಿಂದ ಹೊಡೆತದ ಸದ್ದು ಕೇಳಿದ್ದಾಗಿ ಹೇಳಿದ್ದ. ಆ ಕೊಟ್ಟಿಗೆ ಪತ್ರಿಕೆಯ ಕಥೆಯಲ್ಲಿ ಇಲ್ಲ. ದಶಕಗಳ ಕಾಲ ಬರಹಗಾರರು ಅದೇ ಕಥೆಯನ್ನು ಆಧಾರ ಮಾಡಿಕೊಂಡರು.

ಇದರಿಂದ ಸಮೀಕ್ಷೆಗೆ ಒಂದು ನೇರ ನಿಯಮ ಬರುತ್ತದೆ. ಕೌಂಟಿಯ ಗಡಿಗೆ ಕೆಲಸ ನಿಲ್ಲಿಸಬೇಡಿ. ಹುಡುಗನನ್ನು ರಾತ್ರಿ ಎಳೆದೊಯ್ದದ್ದು ಲಫ್ಲೋರ್ ಕೌಂಟಿಯ ಮನಿ ಊರಿನ ಬಳಿ, 1955ರ ಆಗಸ್ಟ್ 28ರಂದು. ಕೊಂದದ್ದು ಸನ್‌ಫ್ಲವರ್‌ನಲ್ಲಿ. ಹೆಣ ಆಗಸ್ಟ್ 31ರಂದು ಸಿಕ್ಕಿದ್ದು ಟ್ಯಾಲಹ್ಯಾಚಿ ನದಿಯಲ್ಲಿ. ಹೆಣ ಸಿಕ್ಕಿದ್ದು ತನ್ನ ಕೌಂಟಿಯಲ್ಲಿ ಎಂದು ಇಲ್ಲಿನ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಹೇಳಿದ್ದರಿಂದ ವಿಚಾರಣೆ ಸಮ್ನರ್‌ಗೆ ಬಂತು. ಸೆಪ್ಟೆಂಬರ್ 23ರಂದು ಜ್ಯೂರಿ ತೀರ್ಪು ಕೊಡಲು ತೆಗೆದುಕೊಂಡದ್ದು ಸುಮಾರು 67 ನಿಮಿಷ. ಒಂದು ಕೌಂಟಿಯ ಫಲಕಗಳನ್ನಷ್ಟೇ ಓದಿದವರಿಗೆ ಘಟನೆಯ ಮೂರನೇ ಒಂದು ಭಾಗ ಮಾತ್ರ ಸಿಗುತ್ತದೆ. ಘಟನೆಗೆ ಸಂಬಂಧಿಸಿದ ನೆರೆಯ ಕೌಂಟಿಯ ಗುರುತುಗಳಿಗೂ ಪಟ್ಟಿಯಲ್ಲಿ ಸಾಲು ಕೊಡಿ, ಇನ್ನೊಂದು ಬಣ್ಣದಲ್ಲಿ.

ಹಂತ 6: ಸ್ಥಿತಿ ದಾಖಲಿಸುವುದು

‘ಸ್ಥಿತಿ ಸಾಧಾರಣ’ ಎಂದು ಬರೆದರೆ ಮುಂದೆ ಬರುವವರಿಗೆ ಏನೂ ಗೊತ್ತಾಗುವುದಿಲ್ಲ. ಎಣಿಸಿ, ಅಳೆಯಿರಿ, ಜಾಗ ಹೇಳಿ. ‘ಮೇಲಿಂದ ಮೂರನೇ ಸಾಲಿನ ಬಲತುದಿಯಲ್ಲಿ 2 ಇಂಚು ಬಣ್ಣ ಎದ್ದಿದೆ’ ಎಂದರೆ ಅದು ದಾಖಲೆ.

ಹಾನಿಗೆ ಕಾರಣ ಮೂರು ಬಗೆ: ಹವೆ, ವಾಹನ, ಬೇಕೆಂದೇ ಮಾಡಿದ್ದು. ಅಲ್ಯೂಮಿನಿಯಂ ಫಲಕದಲ್ಲಿ ಮೊದಲು ಹೋಗುವುದು ಬಣ್ಣ. ಕಂಚಿನಿಂದ ಇಳಿದ ಹಸಿರು ಕಿಲುಬು ಕೆಳಗಿನ ಕಲ್ಲಿಗೆ ಗೆರೆ ಎಳೆಯುತ್ತದೆ. ಕಲ್ಲಿನೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಹಿಗ್ಗಿದರೆ ಮೂಲೆ ಸಿಡಿಯುತ್ತದೆ. ಹುಲ್ಲು ಕೊಯ್ಯುವ ಯಂತ್ರ ತಾಗಿದ ಗಾಯ ಯಾವಾಗಲೂ ನೆಲದಿಂದ ಒಂದಡಿಯೊಳಗೆ.

ಬೇಕೆಂದೇ ಮಾಡಿದ ಹಾನಿಗೆ ಟ್ಯಾಲಹ್ಯಾಚಿಯಲ್ಲಿ ದೀರ್ಘ ಚರಿತ್ರೆಯಿದೆ. ಗ್ಲೆಂಡೋರಾ ಬಳಿಯ ನದಿದಂಡೆ ಗ್ರ್ಯಾಬಾಲ್ ಲ್ಯಾಂಡಿಂಗ್‌ನಲ್ಲಿ 2008ರಲ್ಲಿ ಎಮೆಟ್ ಟಿಲ್ ಸ್ಮಾರಕ ಸಮಿತಿ ಬೋರ್ಡು ನೆಟ್ಟಿತು. ಅದನ್ನು ಕಿತ್ತು ನದಿಗೆಸೆದರು. ಎರಡನೆಯದಕ್ಕೆ ಗುಂಡು ಹೊಡೆಯುತ್ತಲೇ ಹೋದರು. ಎಣಿಸಿದಾಗ 317 ತೂತುಗಳಿದ್ದವು. 2018ರ ಜೂನ್‌ನಲ್ಲಿ ಮೂರನೆಯದು ಬಂತು, 35 ದಿನದೊಳಗೆ ಅದಕ್ಕೂ ಗುಂಡು ಬಿತ್ತು. 2019ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದ ನಾಲ್ಕನೆಯದು ಗುಂಡು ತಡೆಯುವ ಉಕ್ಕಿನದು, ತೂಕ ಸುಮಾರು 500 ಪೌಂಡು. ತೂತುಬಿದ್ದ ಬೋರ್ಡೊಂದನ್ನು 2021ರಲ್ಲಿ ವಾಷಿಂಗ್ಟನ್‌ನ ರಾಷ್ಟ್ರೀಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯ ಪ್ರದರ್ಶನಕ್ಕಿಟ್ಟಿತು. ಲಫ್ಲೋರ್ ಕೌಂಟಿಯ ಮನಿಯಲ್ಲಿ, ಆರೋಪಿ ರಾಯ್ ಬ್ರಯಂಟ್‌ನದಾಗಿದ್ದ ಅಂಗಡಿಯ ಮುಂದಿನ ಫ್ರೀಡಂ ಟ್ರೇಲ್ ಫಲಕದ ಹಿಂಬದಿಯ ಅಚ್ಚಿನ ಹಾಳೆಯನ್ನು 2017ರಲ್ಲಿ ಸುಲಿದಿದ್ದರು.

ಇಲ್ಲಿಂದ ಕಲಿಯಬೇಕಾದ್ದು ಎರಡು. ಮೊದಲನೆಯದು, ಆ 317 ಎಂಬ ಸಂಖ್ಯೆ ಇರುವುದು ಯಾರೋ ಕೂತು ಎಣಿಸಿದ್ದರಿಂದ. ದೊಡ್ಡ ಚಿತ್ರವೊಂದನ್ನು ಚೌಕಗಳಾಗಿ ಗೆರೆ ಹಾಕಿ, ಒಂದೊಂದು ಚೌಕದ ತೂತುಗಳನ್ನು ಬೇರೆ ಬೇರೆಯಾಗಿ ಎಣಿಸಿ, ಮುಂದಿನ ಸಲ ಅದೇ ಚೌಕಗಳಲ್ಲಿ ಹೋಲಿಸಿ. ಆರಪಾರ ಹೋದ ತೂತು, ಬರಿಯ ತಗ್ಗು ಎರಡನ್ನೂ ಬೇರೆ ಬರೆಯಿರಿ. ಎರಡನೆಯದು, ಹಾಳಾದ ಫಲಕವನ್ನು ಗುಜರಿಗೆ ಹಾಕಬಾರದು. ಅದು ಸಾಕ್ಷಿ. ನಿಲ್ಲಿಸಿದ ಸಂಸ್ಥೆಗೂ ಶೆರಿಫ್ ಕಚೇರಿಗೂ ತಿಳಿಸಿ, ತೆಗೆದದ್ದನ್ನು ಕಾಯ್ದಿಡಲು ಕೇಳಿ. ಹೊಸ ಹಾನಿ ಕಂಡಾಗ ಅಲ್ಲೇ ಕಾದು ನಿಲ್ಲುವ ಕೆಲಸ ಬೇಡ. ಚಿತ್ರ ತೆಗೆದು ಹೊರಟುಬಿಡಿ.

ಗ್ರ್ಯಾಬಾಲ್ ಲ್ಯಾಂಡಿಂಗ್, ಸಮ್ನರ್ ಕೋರ್ಟು ಮತ್ತು ಟಿಲ್‌ನ ಅಂತ್ಯಕ್ರಿಯೆ ನಡೆದ ಶಿಕಾಗೋದ ರಾಬರ್ಟ್ಸ್ ಟೆಂಪಲ್ ಚರ್ಚು ಮೂರೂ ಸೇರಿ 2023ರ ಜುಲೈ 25ರಿಂದ ರಾಷ್ಟ್ರೀಯ ಸ್ಮಾರಕ. ಹೆಣ ಸಿಕ್ಕಿದ್ದು ಸರಿಯಾಗಿ ಇದೇ ದಂಡೆಯಲ್ಲೇ ಎಂಬ ಬಗ್ಗೆ ಸಂಶೋಧಕರಲ್ಲಿ ಭಿನ್ನಮತವಿದೆ. ಸ್ಥಳಸೂಚಿ ಬರೆಯುವಾಗ ‘ಬೋರ್ಡು ಇರುವ ಜಾಗ’ ಎಂದೇ ಬರೆಯಿರಿ, ‘ಘಟನೆಯ ಜಾಗ’ ಎಂದಲ್ಲ. ಪ್ರತಿ ಫಲಕಕ್ಕೂ ಈ ಎಚ್ಚರ ಬೇಕು. ಎಷ್ಟೋ ಫಲಕಗಳು ಕಾರು ನಿಲ್ಲಿಸಲು ಅನುಕೂಲವಾದ ಕಡೆ ನಿಂತಿವೆ, ಘಟನೆ ನಡೆದದ್ದು ಅರ್ಧ ಮೈಲಿ ಆಚೆ.

ಹಂತ 7: ತೊಳೆಯುವುದು, ಅನುಮತಿ ಇದ್ದರೆ ಮಾತ್ರ

ರಾಷ್ಟ್ರೀಯ ಸ್ಮಾರಕದ ಜಾಗದಲ್ಲಿ, ರಾಜ್ಯದ ಫಲಕದ ಮೇಲೆ ನೀವಾಗಿ ಏನೂ ಮಾಡಬೇಡಿ. ಕುಟುಂಬದ ಅಥವಾ ಚರ್ಚಿನ ಸ್ಮಶಾನದಲ್ಲಿ ಲಿಖಿತ ಒಪ್ಪಿಗೆ ಸಿಕ್ಕರೆ ಕಲ್ಲು ತೊಳೆಯಬಹುದು. ಬೇಕಾದ್ದು: ಪ್ರತಿ ಕಲ್ಲಿಗೂ ನಾಲ್ಕೈದು ಗ್ಯಾಲನ್ ನೀರು, ಮೆತ್ತನೆಯ ನೈಲಾನ್ ಬ್ರಷ್, ಮರದ ಕಡ್ಡಿ, ಸ್ಮಾರಕಗಳಿಗಾಗಿಯೇ ಇರುವ ಡಿ/2 ಎಂಬ ಜೈವಿಕ ದ್ರಾವಣ.

ಮೊದಲು ಕಲ್ಲು ಗಟ್ಟಿಯಿದೆಯೇ ನೋಡಿ. ಬೆರಳಾಡಿಸಿದರೆ ಪುಡಿ ಉದುರಿದರೆ, ಪದರ ಎದ್ದಿದ್ದರೆ, ಅಲುಗಾಡಿದರೆ ಅಲ್ಲಿಗೇ ಬಿಡಿ. ಗಟ್ಟಿಯಿದ್ದರೆ ಹಿಂಬದಿಯ ಮೂಲೆಯಲ್ಲಿ ಪರೀಕ್ಷೆ ಮಾಡಿ. ಆಮೇಲೆ ಕಲ್ಲನ್ನೆಲ್ಲ ನೀರಿನಿಂದ ಚೆನ್ನಾಗಿ ನೆನೆಸಿ. ದಪ್ಪ ಕಲ್ಲುಹೂವು ಇದ್ದರೆ ನೆನೆದ ಮೇಲೆ ಮರದ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ; ಒಣಗಿದ್ದಾಗ ಕಿತ್ತರೆ ಕಲ್ಲಿನ ಚಕ್ಕೆಯೂ ಜೊತೆಗೆ ಬರುತ್ತದೆ. ಕೆಳಗಿನಿಂದ ಮೇಲಕ್ಕೆ ಉಜ್ಜುತ್ತ ಹೋಗಿ. ಮೇಲಿಂದ ಶುರುಮಾಡಿದರೆ ಕೊಳೆನೀರು ಒಣಕಲ್ಲಿನ ಮೇಲೆ ಇಳಿದು ಗೆರೆಗಳು ಉಳಿಯುತ್ತವೆ. ದ್ರಾವಣ ಸಿಂಪಡಿಸಿ 10ರಿಂದ 15 ನಿಮಿಷ ಬಿಟ್ಟು, ಒಣಗಲು ಬಿಡದೆ, ಮತ್ತೆ ಉಜ್ಜಿ ತೊಳೆಯಿರಿ. ಅಂದೇ ಬೆಳ್ಳಗಾಗಲಿಲ್ಲವೆಂದು ಹೆಚ್ಚು ಉಜ್ಜಬೇಡಿ. ಮುಂದಿನ ವಾರಗಳ ಬಿಸಿಲು ಮಳೆಯಲ್ಲಿ ಅದು ತಾನಾಗಿ ತಿಳಿಯಾಗುತ್ತದೆ. ರಾತ್ರಿ ಹಿಮ ಕಟ್ಟುವ ಸೂಚನೆಯಿದ್ದರೆ ಆ ದಿನ ನೀರು ಮುಟ್ಟಿಸಬೇಡಿ.

ಬ್ಲೀಚು ಬೇಡ. ಕೂಡಲೇ ಬೆಳ್ಳಗಾಗುತ್ತದೆ ನಿಜ, ಆದರೆ ಉಪ್ಪು ಕಲ್ಲಿನೊಳಗೆ ಉಳಿದು, ಹರಳುಗಟ್ಟಿ, ಮುಖವನ್ನು ಒಳಗಿಂದ ಒಡೆಯುತ್ತದೆ. ಒತ್ತಡದ ನೀರಿನ ಯಂತ್ರ, ತಂತಿ ಬ್ರಷ್ ಎರಡೂ ಕೆತ್ತನೆಯನ್ನು ತೆಗೆದುಹಾಕುತ್ತವೆ, ಹೋದದ್ದು ಬರುವುದಿಲ್ಲ.

ಹಂತ 8: ಕಾಗದದ ಕಡತಗಳು

ಮಿಸಿಸಿಪ್ಪಿಯಲ್ಲಿ ಚಾನ್ಸರಿ ಕ್ಲರ್ಕ್ ಕಚೇರಿಗೆ ಹೋಗಿ. ಭೂದಾಖಲೆಯೂ, ಕೌಂಟಿ ಆಡಳಿತ ಮಂಡಳಿಯ ನಡಾವಳಿ ಪುಸ್ತಕಗಳೂ ಅಲ್ಲೇ. ಕೋರ್ಟಿನ ಅಂಗಳದಲ್ಲಿ ಸ್ಮಾರಕ ನಿಲ್ಲಿಸಲು ಮಂಡಳಿ ಜಾಗ ಕೊಟ್ಟಿತೇ, ಹಣ ಕೊಟ್ಟಿತೇ ಎಂಬುದು ನಡಾವಳಿಯಲ್ಲಿ ಸಿಗಬೇಕು. ಸ್ಮಾರಕದ ಮೇಲಿನ ವರ್ಷಕ್ಕಿಂತ ಎರಡು ವರ್ಷ ಹಿಂದಿನಿಂದ ಓದಲು ಶುರುಮಾಡಿ, ಹಣ ಕೂಡಿಸುವ ಚರ್ಚೆ ಆಗಲೇ ಆಗಿರುತ್ತದೆ. ಟ್ಯಾಲಹ್ಯಾಚಿಯಲ್ಲಿ ಎರಡು ಕೋರ್ಟುಗಳಿರುವುದರಿಂದ ನಿಮಗೆ ಬೇಕಾದ ಪುಸ್ತಕ ಯಾವ ಊರಿನಲ್ಲಿದೆ ಎಂದು ಮೊದಲೇ ಫೋನು ಮಾಡಿ ಕೇಳಿ.

ಅನಾವರಣದ ವರದಿಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹದಲ್ಲಿ ಹಳೆಯ ಪತ್ರಿಕೆಗಳನ್ನು ಉಚಿತವಾಗಿ ಓದಬಹುದು. ದಿನದ ಭಾಷಣ ಯಾರದು ಎಂದು ನೋಡಿ. ಕಲ್ಲಿನ ಮೇಲೆ ನಾಲ್ಕೇ ಮಾತು ಇರುತ್ತದೆ; ನಿಲ್ಲಿಸಿದವರ ಉದ್ದೇಶ ಭಾಷಣದಲ್ಲಿ ಬಿಚ್ಚಿಕೊಳ್ಳುತ್ತದೆ. ದಕ್ಷಿಣದ ಕೋರ್ಟು ಅಂಗಳಗಳ ಸೈನಿಕ ಸ್ಮಾರಕಗಳಲ್ಲಿ ಬಹಳಷ್ಟು 1900ರಿಂದ 1920ರ ನಡುವಿನವು. 1894ರಲ್ಲಿ ಹುಟ್ಟಿದ ಯುನೈಟೆಡ್ ಡಾಟರ್ಸ್ ಆಫ್ ದ ಕಾನ್ಫೆಡರಸಿ ಸಂಘಟನೆಯ ಶಾಖೆಗಳು ಅವುಗಳಿಗೆ ಹಣ ಕೂಡಿಸಿದವು. ಕಪ್ಪು ಜನರ ಮತದಾನದ ಹಕ್ಕನ್ನು ರಾಜ್ಯಗಳ ಸಂವಿಧಾನಗಳೇ ಕಿತ್ತುಕೊಂಡು ಮುಗಿದಿದ್ದ ಕಾಲ ಅದು. ಮಿಸಿಸಿಪ್ಪಿಯಲ್ಲಿ ಇದಾದದ್ದು 1890ರಲ್ಲಿ. ನಿಲ್ಲಿಸಿದ ವರ್ಷದ ಅಂಕಣ ಇದಕ್ಕೇ ಬೇಕಿತ್ತು.

ಇತ್ತೀಚಿನ ಫಲಕಗಳಿಗೂ ಇದೇ ಪ್ರಶ್ನೆ ಕೇಳಿ. ಮಂಡಳಿಯ ಮೊದಲ ಕಪ್ಪು ಅಧ್ಯಕ್ಷರಾದ ಜೆರೋಮ್ ಲಿಟಲ್ 2006ರಲ್ಲಿ ಸ್ಮಾರಕ ಸಮಿತಿ ಕಟ್ಟಿದರು. 2007ರ ಅಕ್ಟೋಬರ್ 2ರಂದು ಸಮ್ನರ್ ಕೋರ್ಟಿನ ಮುಂದೆ ಟಿಲ್ ಕುಟುಂಬಕ್ಕೆ ವಿಷಾದ ತಿಳಿಸುವ ನಿರ್ಣಯವನ್ನು ಸಾರ್ವಜನಿಕವಾಗಿ ಓದಿದರು. ಹಸಿರು ಫಲಕ ಬಂದದ್ದು ಆ ಸಂದರ್ಭದಲ್ಲಿ.

ಹಂತ 9: ಹಂಚುವುದು

ನಿಮ್ಮ ಚಿತ್ರ ನಿಮ್ಮದಾದರೂ ಅದರಲ್ಲಿರುವ ಶಿಲ್ಪ ಬೇರೆಯವರದಾಗಿರಬಹುದು. ಸಾರ್ವಜನಿಕ ಜಾಗದಿಂದ ಕಾಣುವ ಕಟ್ಟಡದ ಚಿತ್ರಕ್ಕೆ ಅಮೆರಿಕದ ಕಾನೂನು ಅಡ್ಡಿ ಮಾಡುವುದಿಲ್ಲ. ಶಿಲ್ಪಕ್ಕೆ ಆ ವಿನಾಯಿತಿ ಇಲ್ಲ. ಆದ್ದರಿಂದ 1913ರ ಸ್ಮಾರಕದ ಚಿತ್ರವನ್ನು ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಬಹುದು, ಆದರೆ ಗ್ರೀನ್‌ವುಡ್‌ನಲ್ಲಿ 2022ರಲ್ಲಿ ಅನಾವರಣವಾದ ಎಮೆಟ್ ಟಿಲ್ ಕಂಚಿನ ಪ್ರತಿಮೆಯದನ್ನು ಹಾಕಿದರೆ ಅಳಿಸುತ್ತಾರೆ. ಮಾರ್ಕರ್ ಡೇಟಾಬೇಸ್‌ಗೆ ಸೇರಿಸುವಾಗ ಈಗಾಗಲೇ ಇರುವ ನಮೂದನ್ನು ಮೊದಲು ಹುಡುಕಿ. ಇದ್ದರೆ ಹೊಸ ಚಿತ್ರ, ಹೊಸ ಸ್ಥಿತಿ, ದಿನಾಂಕ ಮಾತ್ರ ಸೇರಿಸಿ. ದೂರದ, ಯಾರೂ ಕಾಯದ ಸ್ಮಶಾನಗಳ ನಿಖರ ಸ್ಥಳಸೂಚಿಯನ್ನು ಪ್ರಕಟಿಸಬೇಡಿ, ಕಲ್ಲು ಕದಿಯುವವರಿಗೂ ಅದೇ ದಾರಿ ತೋರಿಸುತ್ತದೆ.

ಹೊಸ ಫಲಕ ಬೇಕೆನಿಸಿದರೆ ನಿಮ್ಮ ಎರಡನೆಯ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ರಾಜ್ಯದ ಇಲಾಖೆಗೆ ಅರ್ಜಿ, ಪ್ರತಿ ವಾಕ್ಯಕ್ಕೂ ಸಮಕಾಲೀನ ಆಧಾರ, ಜಾಗದ ಒಡೆಯರ ಒಪ್ಪಿಗೆ, ರಸ್ತೆಯಂಚಾದರೆ ರಸ್ತೆ ಇಲಾಖೆಯ ಅಥವಾ ಕೌಂಟಿ ಮಂಡಳಿಯ ಅನುಮತಿ ಬೇಕು. ಪಾಠ ಚಿಕ್ಕದಿರಬೇಕು, ಎರಕದಲ್ಲಿ ಜಾಗ ಕಡಿಮೆ. ಆ ಊರಿನವರು ಮುಂದೆ ನಿಂತು ಕೇಳಿದ ಅರ್ಜಿ ನಿಲ್ಲುತ್ತದೆ, ಹೊರಗಿನವರು ಒಬ್ಬರೇ ಹಾಕಿದ್ದು ನಿಲ್ಲುವುದು ಕಷ್ಟ.

ಪೂರ್ತಿಯಾದ ಹಾಳೆ, ಚಿತ್ರಗಳು, ಪಾಠಗಳ ಒಂದೊಂದು ಪ್ರತಿಯನ್ನು ಕೌಂಟಿಯ ಗ್ರಂಥಾಲಯಕ್ಕೂ ರಾಜ್ಯದ ಪತ್ರಾಗಾರಕ್ಕೂ ಕೊಡಿ. ಚಿತ್ರದ ಕಡತಕ್ಕೆ ಕ್ರಮಸಂಖ್ಯೆ, ದಿನಾಂಕ, ಮುಂದೆ ಅಥವಾ ಹಿಂದೆ ಎಂಬ ಗುರುತು ಈ ಮೂರನ್ನೇ ಹೆಸರಾಗಿಡಿ. ವರ್ಷಕ್ಕೊಮ್ಮೆ ಮರುಭೇಟಿ ಸಾಕು. ಈಗಾಗಲೇ ಗುಂಡೇಟು ಬಿದ್ದ ಫಲಕಗಳಿಗೆ ಮೂರು ತಿಂಗಳಿಗೊಮ್ಮೆ ಹೋಗಿ, ಮೊದಲ ಸಲ ನಿಂತ ಜಾಗದಲ್ಲೇ ನಿಂತು ಅದೇ ಐದು ಚಿತ್ರ ತೆಗೆಯಿರಿ.